ಕಣಜಗಳಿಗಾಗಿ ಚೊಕ್ಕವಾದ ತೋಪು

ಗೆಳೆಯರೇ, ಇವತ್ತು ಹೆಬ್ಬಳ್ಳಿಯ ನೀಲಗಿರಿ ತೋಪಿನಲ್ಲಿ ಬಿಡಬೇಕಿದ್ದ ಕಣಜದ ಹುಳುಗಳು ಧಾರವಾಡಕ್ಕೆ ವಾಪಸ್ ಬಂದು ನನ್ನ ಮೇಜಿನ ಮೇಲೆ ಕೂತಿವೆ. ಎಳ್ಳಿಗಿಂತ ಸಣ್ಣವು, ಕಚ್ಚುವುದಿಲ್ಲ. ಹೊರದೇಶದಿಂದ ಬಂದ ಕೀಟವೊಂದು ನೀಲಗಿರಿಯ ಚಿಗುರೆಲೆಯಲ್ಲಿ ಗಂಟು ಕಟ್ಟಿಸುತ್ತದೆ. ಈ ಕಣಜಗಳು ಆ ಗಂಟಿನೊಳಗೆ ಮೊಟ್ಟೆಯಿಡುತ್ತವೆ, ಮರಿಗಳು ಆ ಕೀಟವನ್ನು ತಿಂದು ಮುಗಿಸುತ್ತವೆ. ಪ್ರಯೋಗಾಲಯದಲ್ಲಿ ಇವನ್ನು ಸಾಕಲು ನನಗೆ ಒಂದೂವರೆ ತಿಂಗಳು ಹಿಡಿದಿತ್ತು.

ತೋಪಿನ ಮಾಲೀಕ ಶಿವಪ್ಪ ಕಾಕಾ ತಲೆಗೆ ಒಗೆದ ಪಟಕಾ ಸುತ್ತಿಕೊಂಡು ದಾರಿಯಲ್ಲೇ ನಿಂತಿದ್ದರು.

"ಬರ್ರಿ ಬಾಯಾರ. ನೀವು ಬರ್ತೀರಂತ ನಿನ್ನೆನ ಎಲ್ಲಾ ಚೊಕ್ಕ ಮಾಡಿಸೇನಿ. ಚಿಗುರಿಗೆ ಎಣ್ಣಿನೂ ಹೊಡಿಸೇನಿ."

ನಮ್ಮ ಕಡೆ ಹೊಲದ ಮಾತಿನಲ್ಲಿ ಎಣ್ಣೆ ಎಂದರೆ ಕೀಟನಾಶಕ.

"ಕಾಕಾ, ಅದಕ್ಕ ನಮ್ಮ ಹುಳಾನೂ ಸಾಯ್ತಾವಲ್ರಿ."

"ಮನಿಗೆ ಬರೋವು, ಹೊಲಸಿನ್ಯಾಗ ಹೆಂಗ ಇಳಿಸೋದು ಅಂತ ಮಾಡಿದ್ದೆ ನೋಡ್ರಿ."

ಆಮೇಲೆ ಕಾಕಾ ನನ್ನ ಕೈಯಿಂದ ಕಣಜಗಳಿದ್ದ ಗಾಜಿನ ನಳಿಗೆಯನ್ನು ಇಸಿದುಕೊಂಡು ಬೆಳಕಿಗೆ ಹಿಡಿದರು. "ಮೊದಲೆಲ್ಲಾ ಗಾಳಿ ಬಿಟ್ರ ಎಲಿ ಸಪ್ಪಳ ನಮ್ಮ ಮನಿ ಕಟ್ಟಿತನಕಾ ಕೇಳ್ತಿತ್ತು. ಈಗ ಎಲಿ ಮುರುಟಿ ಸುಮ್ಮನಾಗ್ಯಾವ. ಆ ಸಪ್ಪಳ ಮತ್ತೊಮ್ಮೆ ಕೇಳಬೇಕು ಅನಸ್ತದ್ರಿ."

ನಾಳೆ ಇವನ್ನು ಗರಗದ ತೋಪಿಗೆ ಒಯ್ಯುತ್ತೇನೆ. ಕಾಕಾರಿಗಾಗಿ ಮತ್ತೆ ಮೊದಲಿನಿಂದ ಸಾಕಬೇಕು. "ಮುಂದಿನ ಸಲ ಏನೂ ಮಾಡಬ್ಯಾಡ್ರಿ, ಹಂಗ ಬಿಡ್ರಿ" ಎಂದು ಹೇಳಿ ಬಂದಿದ್ದೇನೆ. ಅವರೂ ಹೂಂ ಅಂದರು; ಅನ್ನುತ್ತಲೇ ಬಗ್ಗಿ, ನನ್ನ ಕಾಲ ಬಳಿ ಬಿದ್ದಿದ್ದ ಒಣ ಎಲೆಯೊಂದನ್ನು ಎತ್ತಿ ಆಚೆ ಹಾಕಿದರು.