ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಆಡಿದ ಸುಳ್ಳು

ನಿನ್ನೆ ನನ್ನ ಮೊಮ್ಮಗಳು ನನ್ನ ಮಡಿಲಲ್ಲೇ ಹೇತಳು. ಅದೂ ಲಿಂಗ ಕಟ್ಟುವ ದಿನ, ಅಯ್ಯನವರ ಎದುರು, ಹೊಸ ಇಳಕಲ್ ಸೀರೆಯ ಮೇಲೆ! ಮಗಳು ಓಡಿ ಬಂದಳು: "ಅಯ್ಯೋ, ಯವ್ವಾ, ಕೊಡಿಲ್ಲಿ, ಸೀರಿ ಕೆಟ್ಟೀತು." ನಾನು ಕೊಡಲಿಲ್ಲ. "ಕೆಡಲಿ ಬಿಡ. ಬರೂ ದಾರೀಲೇ ಬಂದೈತಿ" ಎಂದು ನಕ್ಕೆ. ಎಷ್ಟು ನಕ್ಕೆನೆಂದರೆ ಕಣ್ಣಲ್ಲಿ ನೀರು ಬಂತು. ಯಾಕೆ ಅಷ್ಟು ನಕ್ಕೆ ಎಂಬುದು ಅಲ್ಲಿ ಕೂತವರಲ್ಲಿ ನನ್ನ ಯಜಮಾನರಿಗೆ ಮಾತ್ರ ಗೊತ್ತು. ಅವರು ಮುಖ ಕೆಳಗೆ ಹಾಕಿದರು.

ನಾನು ಕಲಿತದ್ದು ಕನ್ನಡ ಎರಡನೇ ಇಯತ್ತೆ. ಬರೆದದ್ದು ಹಿಂದೆ ಮುಂದೆ ಆದರೆ ಹೊಂದಿಸಿಕೊಂಡು ಓದಿರಿ.

ಈಗ ತಾಯಿಯಾದ ಈ ಮಗಳಿಗೆ ಆಗ ಆರೇಳು ವರ್ಷ. ಬೆಲ್ಲದ ಬಾಗೇವಾಡಿಯಲ್ಲಿ ಗಾಣದ ದಿನ. ಮಧ್ಯಾಹ್ನ ನನ್ನ ಹೊಟ್ಟೆ ಹಿಡಿದುಕೊಂಡಿತು. ಸಂಜೆಗೆ ಡಪ್ಪಿನಂತೆ ಬಿಗಿಯಿತು. ಗಾಳಿ ಇಲ್ಲ, ಹೊರಕಡೆ ಇಲ್ಲ. ಅತ್ತೆ ಔಡಲೆಣ್ಣೆ ಕುಡಿಸಿದರು, ಅದು ಬಾಯಿಂದಲೇ ವಾಪಸು ಬಂತು. ಮೂರನೇ ದಿನ ಚಕ್ಕಡಿಯಲ್ಲಿ ಸ್ಟೇಶನ್ನಿಗೆ, ಅಲ್ಲಿಂದ ರೈಲಿನಲ್ಲಿ ಮಿರಜದ ಕಡೆಯ ಒಂದು ದವಾಖಾನೆಗೆ ಒಯ್ದರು. ದೊಡ್ಡ ಕರುಳು ಹಗ್ಗದಂತೆ ಹೊಸೆದುಕೊಂಡಿದೆ, ಕೊಯ್ಯದಿದ್ದರೆ ರಾತ್ರಿ ದಾಟುವುದಿಲ್ಲ ಎಂದರಂತೆ. ಅಂತೆ ಎನ್ನುತ್ತೇನೆ ಯಾಕೆಂದರೆ ಡಾಕ್ಟರರು ಆಡುತ್ತಿದ್ದದ್ದು ಮರಾಠಿ. ನನಗೆ ತಿಳಿಯದು, ಯಜಮಾನರಿಗೆ ತಿಳಿಯುತ್ತಿತ್ತು. ಡಾಕ್ಟರರ ಬಾಯಿಂದ ನನ್ನ ಕಿವಿಗೆ ಬರುವ ಪ್ರತಿ ಮಾತೂ ಅವರ ನಾಲಿಗೆ ಮೇಲೆ ಹಾದೇ ಬರಬೇಕು.

ಕೊರಳಲ್ಲಿದ್ದ ಲಿಂಗ ತೆಗೆಯಲು ಹೇಳಿದರು. ಹುಟ್ಟಿದಾಗ ಕಟ್ಟಿದ್ದು, ಸತ್ತಾಗ ಮಣ್ಣಿನೊಳಗೂ ಜೊತೆಗೆ ಬರುವಂಥದ್ದು. ನಾನು ಎರಡೂ ಕೈಯಿಂದ ಅವಚಿಕೊಂಡೆ. ಆಗ ಯಜಮಾನರು ಎಡಗೈ ಚಾಚಿದರು: "ನನ್ನ ಅಂಗೈಯಾಗ ಇಡು. ನೀ ಎಚ್ಚರಾಗೂತನಕ ಕೆಳಗ ಇಡೂದಿಲ್ಲ." ಇಟ್ಟೆ. ಎಚ್ಚರಾದಾಗ ಹಾಗೇ ಹಿಡಿದುಕೊಂಡು ನಿಂತಿದ್ದರು.

ಹೊಟ್ಟೆಯ ಎಡಮಗ್ಗುಲಲ್ಲಿ ಒಂದು ಬಾಯಿ ಮಾಡಿದ್ದರು. ಸತ್ತ ಕರುಳು ಕತ್ತರಿಸಿ, ಉಳಿದ ತುದಿ ಅಲ್ಲಿ ಹೊರಗೆ ತಂದು ಹೊಲಿದಿದ್ದರು. ಇನ್ನು ಹೊರಕಡೆ ಆಗುವುದೆಲ್ಲ ಅಲ್ಲಿಂದಲೇ. ಊರಿಗೆ ಹೊರಡುವ ದಿನ ಡಾಕ್ಟರರು ಒಂದು ಚೀಟಿ ಬರೆದುಕೊಟ್ಟು ಬಹಳ ಹೊತ್ತು ಯಜಮಾನರೊಡನೆ ಮಾತಾಡಿದರು. ಅವರು ಹೋದ ಮೇಲೆ ಕೇಳಿದೆ: "ಇದು ಯಾವಾಗ ಮುಚ್ಚತೈತಂತ್ರಿ?"

ಯಜಮಾನರು ಆಗಷ್ಟೇ ಪೂಜೆಗೆ ಕೂತಿದ್ದರು. ಅವರ ಲಿಂಗ ಅವರ ಅಂಗೈಯಲ್ಲಿತ್ತು. ಅದನ್ನೇ ನೋಡುತ್ತ ಹೇಳಿದರು: "ಮುಚ್ಚೂದಿಲ್ಲ. ಇರೂತನಕ ಹಿಂಗ ಅಂತ."

ನಮ್ಮಲ್ಲಿ ಅಂಗೈಯಲ್ಲಿ ಲಿಂಗ ಇದ್ದಾಗ ಯಾರೂ ಸುಳ್ಳಾಡುವುದಿಲ್ಲ. ನಾನು ಎರಡನೇ ಸಲ ಕೇಳಲಿಲ್ಲ.

ಏಳು ವರ್ಷ. ಅರ್ಧ ತೆಂಗಿನ ಚಿಪ್ಪನ್ನು ಅಲ್ಲಿಗೆ ಹೊಂದಿಸಿ, ಹಳೆ ಸೀರೆಯ ಪಟ್ಟಿ ಸುತ್ತಿಕೊಂಡು ಬದುಕಿದೆ. ಯಾರ ಮನೆಯ ಪಂಕ್ತಿಗೂ ಕೂಡಲಿಲ್ಲ. ನಾಲ್ಕು ಹೆಂಗಸರ ನಡುವೆ ಅದು ಸಪ್ಪಳ ಮಾಡಿದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದೆ. ಮಗಳು ಮಡಿಲೇರಲು ಬಂದರೆ "ಅಲ್ಲೇ ಕೂಡ" ಎನ್ನುತ್ತಿದ್ದೆ. ಅವಳು ಅಲ್ಲೇ ಕೂತು ದೊಡ್ಡವಳಾದಳು. ಆ ಚಿಪ್ಪುಗಳನ್ನು ಉಜ್ಜಿ ಉಜ್ಜಿ, ಅಂಚು ಚುಚ್ಚದ ಹಾಗೆ ನುಣುಪು ಮಾಡಿ ಕೊಡುತ್ತಿದ್ದವರು ಯಜಮಾನರೇ. ಇಂಥ ಗಂಡ ಯಾರಿಗೆ ಸಿಗುತ್ತಾನೆ ಎಂದುಕೊಳ್ಳುತ್ತಿದ್ದೆ. ಇದು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಏಳನೇ ಮಳೆಗಾಲ ಆ ಬಾಯಿಯ ಸುತ್ತ ಚರ್ಮ ಹುಣ್ಣಾಯಿತು. ಯಜಮಾನರು ಬೆಲ್ಲ ಮಾರಲು ಗೋಕಾಕದ ಪೇಟೆಗೆ ಹೋಗಿದ್ದರು. ಟ್ರಂಕಿನಲ್ಲಿದ್ದ ಡಾಕ್ಟರರ ಚೀಟಿ ತೆಗೆದುಕೊಂಡು ನನ್ನ ಅಣ್ಣನ ಜೊತೆ ಹುಕ್ಕೇರಿಯ ದವಾಖಾನೆಗೆ ಹೋದೆ. ಅಲ್ಲಿಯ ಕಂಪೌಂಡರ್ ಇಂಗ್ಲಿಷ್ ಓದಬಲ್ಲವನು. ಚೀಟಿ ಓದಿ ನನ್ನನ್ನೇ ನೋಡಿದ.

"ಯಾಕವ್ವಾ, ಮೂರು ತಿಂಗಳಿಗೆ ಬಂದು ಮುಚ್ಚಿಸಿಕೋ ಅಂತ ಬರದಾರ. ಯಾಕ ಹೋಗಲಿಲ್ಲ?"

ಚೀಟಿ ವಾಪಸು ಇಸಿದುಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಚಕ್ಕಡಿ ಹತ್ತಿ ಊರಿಗೆ ಬಂದೆ.

ಯಜಮಾನರು ಬಂದೊಡನೆ ಚೀಟಿ ಮುಂದೆ ಹಿಡಿದೆ. ಪೇಟೆಯ ಚೀಲ ಹೆಗಲಲ್ಲೇ ಇತ್ತು.

"ದವಾಖಾನ್ಯಾಗ ನಿನ್ನ ಬಾಜೂ ಕಾಟಿನ ಮ್ಯಾಲ ಒಬ್ಬಾಕಿ ಇದ್ದಳು. ಇಂಥಾದ್ದ ಬಾಯಿ ಮುಚ್ಚಿಸಿಕೊಳ್ಳಾಕ ಬಂದಾಕಿ. ನಿನಗ ಎಚ್ಚರಿರಲಿಲ್ಲ, ಆಕಿ ಹೆಣ ಹೊರಗ ಒಯ್ದಿದ್ದು ನಾ ನೋಡೇನಿ" ಎಂದರು. "ಕೊಯ್ಯಾಕ ಒಮ್ಮೆ ಹೆಬ್ಬಟ್ಟು ಒತ್ತೇನಿ. ಎರಡನೇ ಸಲ ನನ್ನ ಕೈಲೆ ಆಗಲಿಲ್ಲ."

"ಹೊಟ್ಟಿ ನಂದ್ರಿ. ಸಾಯೂದಿದ್ರ ಸಾಯತಿದ್ದೆ. ನನ್ನ ಒಂದ ಮಾತು ಕೇಳಬೇಕಿತ್ತಿಲ್ರಿ? ಅದೂ ಕೈಯಾಗ ಲಿಂಗ ಇಟಗೊಂಡು!"

ಅವರು ಅತ್ತರು. ನಾನು ಅಳಲಿಲ್ಲ.

ಮುಂದಿನ ವಾರವೇ ಅಣ್ಣನ ಜೊತೆ ಮಿರಜದ ಕಡೆಯ ಅದೇ ದವಾಖಾನೆಗೆ ಹೋದೆ. ಯಜಮಾನರೂ ಹಿಂದೆ ಬಂದರು. ದವಾಖಾನೆಯಲ್ಲಿ ಮತ್ತೆ ಲಿಂಗ ತೆಗೆಯಲು ಹೇಳಿದರು. ಯಜಮಾನರು ಮತ್ತೆ ಎಡಗೈ ಚಾಚಿದರು. ನಾನು ಆ ಕೈ ನೋಡಿದೆ, ಅಣ್ಣನಿಂದ ಮರಾಠಿಯಲ್ಲಿ ಹೇಳಿಸಿ ಲಿಂಗವನ್ನು ನನ್ನ ಮುಂಗೈಗೇ ಕಟ್ಟಿಸಿಕೊಂಡೆ. ಡಾಕ್ಟರರು ನಕ್ಕು ಇರಲಿ ಎಂದರು. ಅಷ್ಟು ಸುಲಭವಿತ್ತು. ತುದಿಗಳನ್ನು ಕೂಡಿಸಿ ಹೊಲಿದರು. ಜ್ವರ ಬಂತು, ಹೊಲಿಗೆ ಸೋರಿತು, ಸತ್ತೇ ಹೋದೆ ಎಂದುಕೊಂಡೆ. ಹದಿನೈದನೇ ದಿನ, ಎಲ್ಲರಿಗೂ ಆಗುವ ಹಾಗೆ ನನಗೂ ಹೊರಕಡೆ ಆಯಿತು. ಮಗು ಹುಟ್ಟಿದಷ್ಟು ಹಿಗ್ಗಿದೆ.

ಊರಿಗೆ ಬಂದ ಮೇಲೆ ಅವರಿಗೆ ರೊಟ್ಟಿ ಬಡಿದು ಹಾಕಿದೆ, ಜ್ವರ ಬಂದಾಗ ಕಾಲು ಒತ್ತಿದೆ. ಆದರೆ ಯಾವ ಮಾತನ್ನೂ ಇನ್ನೊಬ್ಬರನ್ನು ಕೇಳದೆ ನಂಬಲಿಲ್ಲ.

ನಿನ್ನೆ ಅಯ್ಯನವರು ಮೊಮ್ಮಗಳ ಪುಟ್ಟ ಲಿಂಗವನ್ನು ಪೂಜಿಸಿ, ಮನೆಯ ಹಿರಿಯರೆಂದು ಯಜಮಾನರ ಅಂಗೈಯಲ್ಲಿ ಇಟ್ಟರು. ನಾನು ಕೂತಲ್ಲಿಂದಲೇ ಕೈ ಚಾಚಿದೆ.

"ನನ್ನ ಕೈಯಾಗ ಕೊಡ್ರಿ."

"ಇನ್ನೂ ಮರ್ತಿಲ್ಲೇನ?" ಎಂದರು ಮೆಲ್ಲಗೆ.

"ಇಲ್ರಿ."

ಅವರು ಕೊಟ್ಟರು. ಆಗಲೇ ನೋಡಿರಿ, ನನ್ನ ಮಡಿಲು ಬೆಚ್ಚಗಾದದ್ದು. ಹಳೆ ಗಾಯದ ಕಲೆಯ ಮೇಲೇ ಆ ಕೂಸಿನ ಹಿಮ್ಮಡಿ ಒದೆಯುತ್ತಿತ್ತು. ನನ್ನ ಮಗಳಿಗೆ ಸಿಗದ ಮಡಿಲು ಇದು. ಮಗಳು ನೀರು ತರಲು ಓಡಿದಳು; ನಾನು ಕೂಸನ್ನು ಇನ್ನೂ ಗಟ್ಟಿಯಾಗಿ ಅವಚಿಕೊಂಡೆ.