ನೀರು ಬಿಟ್ಟ ತಾಂಡೇಲರು

ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತೀರಿ ಎಂದು ಐವತ್ತು ದಾಟಿದ ಗಂಡಸರನ್ನು ಕೇಳುವುದು ನನ್ನ ಕೆಲಸ. ಭಟ್ಕಳ ಬಂದರಿನ ತಪಾಸಣೆ ಶಿಬಿರಕ್ಕೆ ಬಂದಿದ್ದ ಹಿರಿಯರೊಬ್ಬರು, ಮೀನಿನ ಬೋಟು ನಡೆಸುವ ತಾಂಡೇಲರು, ನನ್ನ ಮುಖ ನೋಡದೆ, ಉತ್ತರವನ್ನು ಮೇಲಿನ ಫ್ಯಾನಿಗೆ ಹೇಳಿದರು.

"ಏಳೂದೇ ಇಲ್ಲ ತಂಗೀ. ಮಧ್ಯಾಹ್ನದ ಮೇಲೆ ನೀರೇ ಮುಟ್ಟೂದಿಲ್ಲ."

"ಯಾಕೆ?"

"ರಾತ್ರಿ ಬೋಟಿನ ಅಂಚಿಗೆ ಮೂತ್ರಕ್ಕೆ ನಿಂತರೆ ಬೇಗ ಬರೂದಿಲ್ಲ. ಮೊನ್ನೆ ಹಾಂಗೇ ನಿಂತವ ಜಾರಿದೆ. ಹಗ್ಗ ಸಿಕ್ಕಿತು, ಬದುಕಿದೆ. ನೀರು ಬಿಟ್ಟೆ, ಸಮಾ ಆತು."

ಅದು ಸಮ ಆದದ್ದಲ್ಲ, ವಯಸ್ಸಾದಂತೆ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರದ ದಾರಿ ಒತ್ತುವುದುಂಟು, ಬೇರೇನಾದರೂ ಇದೆಯೋ ಎಂದು ಡಾಕ್ಟರು ನೋಡಬೇಕು ಎಂದೆ.

"ಡಾಕ್ಟರು ಗಂಡಸೋ?"

"ಹೆಂಗಸು."

"ಇರಲಿ. ನಿನಗೆ ಹೇಳಿ ಆತಲ್ಲ, ಇನ್ನೆಂತ ಮರ್ಯಾದೆ," ಎಂದು ಎದ್ದು ಒಳಗೆ ಹೋದರು.

ಹೊರಬಂದಾಗ ಮುಖ ಸಪ್ಪಗಿತ್ತು.

"ಸ್ಕ್ಯಾನಿಂಗ್ ಮಾಡ್ತಾರಂತೆ. ಅದಕ್ಕೆ ಹೊಟ್ಟೆ ತುಂಬ ನೀರು ಕುಡಿದು, ತಡಕೊಂಡು ಕೂರಬೇಕಂತೆ!"

ಬಾಟಲಿ ಕೊಟ್ಟೆ. ಕಹಿ ಕಷಾಯದಂತೆ ಒಂದೊಂದೇ ಗುಟುಕು ಕುಡಿಯುತ್ತ, ಶೌಚಾಲಯದ ಬಾಗಿಲ ಪಕ್ಕದ ಕುರ್ಚಿಯತ್ತ ನಡೆದರು. ಅದು ಖಾಲಿ ಇರಲಿಲ್ಲ. ಬೆಳಿಗ್ಗೆ ನನ್ನೆದುರು "ಎಂತಾ ತೊಂದರೆ ಇಲ್ಲ" ಎಂದು ಗಟ್ಟಿಯಾಗಿ ಹೇಳಿದ್ದ ಇನ್ನೊಬ್ಬ ಹಿರಿಯರು ಅದನ್ನು ಆಗಲೇ ಹಿಡಿದಿದ್ದರು.