ಮಂಚಕ್ಕಿಂತ ಮೊದಲು ಬಂದ ಪ್ಲೇಯರು

ಮಲ್ಲಾಪುರದ ಕ್ವಾರ್ಟರ್ಸಿಗೆ ನಾವು ಗಂಡ ಹೆಂಡತಿ ಬಂದಾಗ ಮಂಚಕ್ಕಿಂತ ಮೊದಲು ಮನೆ ಸೇರಿದ್ದು ಸಿ.ಡಿ. ಪ್ಲೇಯರು. "ಹಾಡು ಕೇಳ್ತಾ ಮಲಗಿದ್ರೆ ನೆಲ ಗಟ್ಟಿ ಅನ್ನಿಸೂದಿಲ್ಲ ಬಿಡಿ" ಎಂದು ಚಾಪೆಗೆ ಒಪ್ಪಿದವಳು ಹೆಂಡತಿ. ಎರಡು ಕೈಯಲ್ಲಿ ಎತ್ತಬೇಕಾದಷ್ಟು ಭಾರದ ಆ ಪ್ಲೇಯರಿನ ಧೂಳನ್ನು ನಾನು ನನ್ನ ಬನಿಯನ್ನಿನಿಂದಲೇ ಒರೆಸುತ್ತಿದ್ದೆ.

ಇಂಥ ಹುಚ್ಚು ಇನ್ನೊಬ್ಬನಿಗಿತ್ತು. ಊರು ಬೊಬ್ರುವಾಡ, ಇದ್ದದ್ದು ನಮ್ಮ ಕ್ವಾರ್ಟರ್ಸಿನಲ್ಲೇ; ಕೈಗಾ ಸ್ಥಾವರದಲ್ಲಿ ನಮ್ಮದೇ ಸೆಕ್ಷನ್ನು. ಕೈಗಾ ಬಸ್ಸನ್ನು ನನಗಿಂತ ಒಂದು ಸ್ಟಾಪು ಮೊದಲು ಹತ್ತಿ, ಕಿಟಕಿ ಪಕ್ಕದ ಸೀಟಿನ ಮೇಲೆ ಕರವಸ್ತ್ರ ಹಾಸಿ ನನಗೆ ಜಾಗ ಹಿಡಿದಿಡುತ್ತಿದ್ದ. ಒಂದು ದಿನವೂ ತಪ್ಪಿಸಿದವನಲ್ಲ.

ಒಂದು ಭಾನುವಾರ ಸಣ್ಣ ಡಬ್ಬಿಯೊಂದನ್ನು ತಂದ. ಸಿ.ಡಿ. ತಟ್ಟೆಯಲ್ಲಿ ಅಂಕಿಗಳಾಗಿ ಕೂತಿರುವ ಹಾಡನ್ನು ಪ್ಲೇಯರಿನ ಹೊರಗೆ, ಬೇರೆಯಾಗಿ ನಾದ ಮಾಡುವ ಡಬ್ಬಿ. "ಒಂದೇ ಪೆಟ್ಟಿಗೆಯೊಳಗೆ ಮೋಟರೂ ತಿರುಗಬೇಕು, ಹಾಡೂ ಹುಟ್ಟಬೇಕು ಅಂದ್ರೆ ಹೆಂಗಾ ಮಾರಾಯಾ? ಕಣ್ಣು ಮುಚ್ಚಿ ಕೂತು ಕೇಳು" ಅಂದ. ಪ್ಲೇಯರಿನಿಂದ ಡಬ್ಬಿಗೆ ಬದಲಿಸುವ ಆಂಪ್ಲಿಫಾಯರಿನ ತಿರುಪು ಅವನ ಕೈಯಲ್ಲಿತ್ತು. "ಇದು ಪ್ಲೇಯರು... ಇದು ಡಬ್ಬಿ."

ಅಬ್ಬಾ! ಡಬ್ಬಿಯಲ್ಲಿ ತಬಲಾ ಎದುರಿಗೇ ಬಂದು ಕೂತಿತ್ತು. ಹಾಡುವವಳ ಉಸಿರೂ ಕೇಳಿತು. ಮೀನು ಹೆಚ್ಚುತ್ತಿದ್ದ ಹೆಂಡತಿ ಒಳಗಿಂದ, "ಎರಡನೇದು ಒಂಚೂರು ದೊಡ್ಡಕೆ ಕೇಳ್ತದೆ, ಅಷ್ಟೇಯ" ಅಂದಳು. ನಾವಿಬ್ಬರೂ ನಕ್ಕೆವು. ಅವನು ನನಗಿಂತ ಜೋರಾಗಿ ನಕ್ಕ.

ಡಬ್ಬಿ ಇದ್ದರೆ ತಟ್ಟೆ ತಿರುಗಿಸಲು ಯಾವ ಡಿ.ವಿ.ಡಿ. ಪ್ಲೇಯರಾದರೂ ಸಾಕು ಅಂದ. ಡಬ್ಬಿ ನನಗೆ, ನನ್ನ ಪ್ಲೇಯರು ಅವನಿಗೆ ಎಂದಾಯಿತು. ಅವನು ಪ್ಲೇಯರನ್ನು ಹೊತ್ತುಕೊಂಡು ಹೋಗುವಾಗ ಹೆಂಡತಿ ಬಾಗಿಲಿಗೂ ಬರಲಿಲ್ಲ.

ಆ ವರ್ಷ ಚೌತಿಗೆ ಬೊಬ್ರುವಾಡದ ಮನೆಗೆ ಕರೆದಿದ್ದ. ಅಂಗಳದಲ್ಲಿ ಚಪ್ಪಲಿ ಬಿಡುತ್ತಿದ್ದೆ. ಒಳಗೆ ನನ್ನ ಪ್ಲೇಯರು ಹಾಡುತ್ತಿತ್ತು. ಅದರ ದನಿ ನನಗೆ ಗೊತ್ತಾಗದೆ ಇರುತ್ತದೆಯೇ? ಅವನ ಭಾವನೂ ಅಂಥದೇ ಒಂದು ಡಬ್ಬಿ ತಂದಿದ್ದನಂತೆ. ಅವನಿಗೆ ಇವನು ಹೇಳುತ್ತಿದ್ದ: "ತಡಿ ಭಾವ, ಈ ಡಬ್ಬಿಗಳು ಒಂಚೂರು ದೊಡ್ಡಕೆ ಬರ್ತವೆ. ಮೊದ್ಲು ಎರಡರ ಸದ್ದು ಸಮ ಮಾಡ್ಕಬೇಕು. ಇಲ್ದಿದ್ರೆ ದೊಡ್ಡಕೆ ಕೇಳಿದ್ದೇ ಚಲೋ ಅನ್ನಿಸ್ತದೆ, ಕಿವಿ ಮೋಸ ಹೋಗ್ತದೆ. ಹಾಂ, ಈಗ ಹೇಳು. ಈ ಪ್ಲೇಯರಿಗೆ ಸಾಟಿ ಉಂಟಾ?"

ನನ್ನ ಮೈಯೆಲ್ಲ ಉರಿದುಹೋಯಿತು. ಪಾಪಿ! ನನ್ನ ಕಿವಿಯನ್ನೇ ನನ್ನ ಮೇಲೆ ಎತ್ತಿಕಟ್ಟಿದ್ದ. ಬಾಗಿಲಲ್ಲಿ ನಿಂತೇ ಕೇಳಿದೆ, "ಆವತ್ತೂ ನಿಂಗೆ ಇದು ಗೊತ್ತಿತ್ತಾ?"

ಅವನ ಮುಖ ಕಪ್ಪಿಟ್ಟಿತು. ಆಮೇಲೆ ನಕ್ಕ. "ನಿಂಗೇ ಡಬ್ಬಿ ಇಷ್ಟ ಆಗಿತ್ತಲ್ಲ ಮಾರಾಯಾ. ಬಾ, ಕೂತ್ಕ, ಕಡುಬು ತಿನ್ನು."

ತಿನ್ನಲಿಲ್ಲ. ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. "ನಾ ಹೇಳಿದ್ದೆ" ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಬಂದಿದ್ದರೆ ಬೈದಾದರೂ ಹಗುರಾಗುತ್ತಿದ್ದೆ.

ರಜೆ ಮುಗಿಸಿ ಬಸ್ಸು ಹತ್ತಿದರೆ ಕಿಟಕಿ ಪಕ್ಕದ ಸೀಟಿನ ಮೇಲೆ ಅದೇ ಕರವಸ್ತ್ರ. "ಬಾರಾ, ಜಾಗ ಹಿಡಿದಿದ್ದೆ" ಅಂದ. ನಾನು ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತೆ. ಯಾರೋ ಅಲ್ಲಿ ಕೂರಲು ಹೋದರೆ ಕರವಸ್ತ್ರದ ಮೇಲೆ ಕೈ ಇಟ್ಟು, "ಜನ ಇದ್ದಾರೆ" ಅಂದ. ಕೈಗಾ ಬರುವವರೆಗೂ ಎಲ್ಲರಿಗೂ ಹಾಗೇ ಹೇಳಿದ.